ಒದ್ದೆ ಕಬ್ಬು

ಕ್ಯಾತನಹಳ್ಳಿಯ ನಮ್ಮ ನೆರೆಮನೆ ದೊಡ್ಡಮ್ಮ ನಾಲೆಯ ಮೆಟ್ಟಿಲಿಗೆ ಬಟ್ಟೆ ಒಗೆಯಲು ಹೋದರೆ ಉದ್ದನೆಯ ಕಬ್ಬೊಂದು ಜೊತೆಗಿರುತ್ತಿತ್ತು. ನೀರಿಗಿಳಿಯಲು ಬಂದವರಿಗೆಲ್ಲ ಅವರದು ಒಂದೇ ಮಾತು: “ನೀರು ಇದ್ದಂಗೆ ತೋರ್ಸಕಿಲ್ಲ.”

ನೀರಿನಿಂದ ಹೊರಬರುವ ಬೆಳಕು ಬಾಗುವುದರಿಂದ ತಳ ಮೇಲಿದ್ದಂತೆ ಕಾಣುತ್ತದೆಂದು ಶಾಲೆಯಲ್ಲಿ ನಾವೂ ಓದಿದ್ದೆವು. ಆದರೂ ನಮ್ಮ ಮನೆಯ ಹೊಸ ಅಳಿಯ ಅಂಗಿ ಕಳಚಿ, “ತಳ ಕಾಣ್ತದೆ, ಎದೆಮಟ್ಟ ಅಷ್ಟೆ,” ಎಂದಾಗ ಯಾರೂ ತಡೆಯಲಿಲ್ಲ. ಹೊಸ ಅಳಿಯನಿಗೆ ಎದುರಾಡುವುದುಂಟೆ?

ದೊಡ್ಡಮ್ಮ ಸೋಪಿನ ಕೈಯಲ್ಲೇ ಅಡ್ಡ ನಿಂತರು. ಕಬ್ಬನ್ನು ತಳಕ್ಕೆ ಮುಟ್ಟಿಸಿ, ಎತ್ತಿ, ಅವನ ಪಕ್ಕ ನಿಲ್ಲಿಸಿದರು. ಕಬ್ಬಿನ ಒದ್ದೆ ಅವನ ನೆತ್ತಿ ದಾಟಿತ್ತು.

“ಕೋಪ ಮಾಡ್ಕೊಂಡ್ರೂ ಸರಿ ಅಳಿಯಂದ್ರೇ, ಅಂಗಿ ಆಕ್ಕೊಳಿ.”

ದೊಡ್ಡಮ್ಮನಿಗೆ ಈಜು ಬರುತ್ತಿರಲಿಲ್ಲ. ಅಡ್ಡ ನಿಲ್ಲುವುದು ಬರುತ್ತಿತ್ತು.