ಬಾಲ್ಕನಿಯಲ್ಲಿ ಕಗ್ಗ

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಗ್ರೇಟರ್ ನೋಯ್ಡಾದ ಸ್ವಂತ ಫ್ಲಾಟಿಗೆ ಬಂದ ಮೊದಲ ಬೇಸಿಗೆಯಲ್ಲೇ ನನ್ನ ಗಿಡಗಳು ಸಾಯತೊಡಗಿದವು. ಮೊದಲು ಮಲ್ಲಿಗೆ, ಆಮೇಲೆ ಕರಿಬೇವು. ಎಲೆಗಳ ಅಂಚು ಬೆಂಕಿ ತಾಗಿದಂತೆ ಕಂದುತ್ತಿತ್ತು, ಕುಂಡದ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುತ್ತಿತ್ತು. ಹದಿನೆಂಟು ವರ್ಷ ನಮ್ಮ ಒಗ್ಗರಣೆಗೆ ಎಲೆ ಕೊಟ್ಟ ಕರಿಬೇವು ಅದು.

ಸೊಸೈಟಿಯ ಮಾಲಿಯನ್ನು ಕರೆದು ತೋರಿಸಿದೆ.

"ಪಾನಿ ಖಾರಾ ಹೈ, ಮೇಡಂ. ಬೋರಿಂಗ್ ಕಾ ಪಾನಿ," ಎಂದ.

ಇಷ್ಟು ವರ್ಷ ಹಿಂದಿಯ ನಡುವೆ ಇದ್ದರೂ ಖಾರಾ ಎಂದ ಕೂಡಲೇ ನನಗೆ ನೆನಪಾಗುವುದು ಮೆಣಸಿನಕಾಯಿಯೇ. ಅವನು ಹೇಳಿದ್ದು ನೀರಿನ ಉಪ್ಪಿನ ಬಗ್ಗೆ. ಹನ್ನೊಂದನೇ ತರಗತಿಯಲ್ಲಿ ಬಯಾಲಜಿ ಓದುತ್ತಿದ್ದ ಮಗಳು ಬಿಡಿಸಿ ಹೇಳಿದಳು: "ಅಮ್ಮ, ಮಣ್ಣಲ್ಲಿ ಸಾಲ್ಟ್ ಜಾಸ್ತಿ ಆದ್ರೆ ರೂಟ್ಸ್‌ಗೆ ನೀರು ಎಳ್ಕೊಳ್ಳೋಕೆ ಆಗಲ್ಲ. ಪಾಟ್ ತುಂಬ ನೀರಿದೆ, ಫಿರ್ ಭೀ ಗಿಡ ಪ್ಯಾಸಾ."

ನೀರಿನಲ್ಲಿದ್ದೂ ಬಾಯಾರಿದ ಗಿಡ ಎಂಬ ಆ ಮಾತು ಕೇಳಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಾನು ಹುಟ್ಟಿದ್ದು ಕುಮಟಾದ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ. ಅಲ್ಲಿ ಉಪ್ಪುನೀರು ನುಗ್ಗುವ ಗದ್ದೆಗೆ ಗಜನಿ ಎನ್ನುತ್ತಾರೆ. ಉಬ್ಬರಕ್ಕೆ ಸಮುದ್ರದ ನೀರು ಬರುತ್ತಿತ್ತು, ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಅದನ್ನು ತೊಳೆದುಕೊಂಡು ಹೋಗುತ್ತಿತ್ತು. ಬೇರೆ ಭತ್ತ ಅಲ್ಲಿ ಬಾಳುತ್ತಿರಲಿಲ್ಲ. ಕಗ್ಗವೆಂಬ ಭತ್ತ ಮಾತ್ರ ಬಾಳುತ್ತಿತ್ತು. ಒಮ್ಮೆ ಅಜ್ಜಿ ದಡದಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲ ಗಿಡದಿಂದ ಎಲೆ ಕಿತ್ತು ಕೊಟ್ಟು, "ನೆಕ್ಕಿ ನೋಡು" ಎಂದಳು. ಎಲೆಯ ಮೇಲೆ ಉಪ್ಪಿತ್ತು.

"ಬೇಡದ್ದನ್ನ ಹೊರಗೆ ಹಾಕ್ತದೆ ಅದು," ಎಂದಳು ಅಜ್ಜಿ. "ಕಗ್ಗಕ್ಕೆ ಆ ವಿದ್ಯೆ ಇಲ್ಲ. ಪಾಪ, ತಡ್ಕೊಳ್ತದೆ."

ಸೋದರಮಾವನಿಗೆ ಫೋನ್ ಮಾಡಿ ಕಗ್ಗದ ಬೀಜ ಕೇಳಿದೆ. ಅವನು ನಕ್ಕ. "ಈಗ ಯಾರು ಬೆಳೀತಾರೆ ಮಗಾ? ಗಜನಿಯೆಲ್ಲ ಸೀಗಡಿ ಕೆರೆ ಆಗಿದೆ. ನೋಡ್ತೇನೆ, ತಡಿ."

ಎರಡು ವಾರದ ಮೇಲೆ ಅಂಚೆಯಲ್ಲಿ ಬಟ್ಟೆಯ ಪುಟ್ಟ ಚೀಲ ಬಂತು. ಒಳಗೆ ಒಂದು ಹಿಡಿ ಬೀಜ, ಉದ್ದುದ್ದ ಮೀಸೆಯವು. ಹಳೆಯ ಟಬ್ಬಿಗೆ ಮಣ್ಣು ತುಂಬಿ, ಬಿತ್ತಿ, ಅದೇ ಬೋರಿನ ನೀರು ಹಾಕಿದೆ. ಪಾರಿವಾಳಗಳಿಗೆ ಹೆದರಿ ಯಜಮಾನರು ಬಲೆ ಕಟ್ಟಿಕೊಟ್ಟರು. ಎರಡು ಗಂಟೆ ಕಾರಿನಲ್ಲಿ ಕೂತು ಆಫೀಸಿನಿಂದ ಬಂದವಳು ಬ್ಯಾಗು ಕೆಳಗಿಡದೆ ಬಾಲ್ಕನಿಗೆ ಹೋಗುತ್ತಿದ್ದೆ. ಪೈರು ಮೊಣಕಾಲೆತ್ತರ ಬಂತು, ಸೊಂಟದೆತ್ತರ ಬಂತು. ಅದರ ನಡುವೆ ಕೈಯಾಡಿಸಿದರೆ ಅಂಗೈಗೆ ತರಚಿದಂತಾಗುತ್ತಿತ್ತು. ಅಷ್ಟಕ್ಕೇ ನನಗೆ ಅಳು ಬರುತ್ತಿತ್ತು.

ದೀಪಾವಳಿಯ ಹೊತ್ತಿಗೆ ತೆನೆ ಮಾಗಿತು. ಅರ್ಧ ಜೊಳ್ಳು, ಆದರೂ ಎರಡು ಹಿಡಿ ಗಟ್ಟಿ ಕಾಳು ಸಿಕ್ಕಿತು. ಪಾಯಸ ಮಾಡೋಣ ಎಂದುಕೊಂಡು ಮೊದಲು ಮಾವನಿಗೆ ಸುದ್ದಿ ಹೇಳಿದೆ. ಅವನು ದನಿ ತಗ್ಗಿಸಿದ.

"ನಿನಗೆ ಹೇಳಬಾರದು ಅಂತಿದ್ದೆ. ಇದ್ದ ಬೀಜದಲ್ಲಿ ನಿನಗೆ ಕಳಿಸಿದ್ದು ಒಂದು ಹಿಡಿ, ಉಳಿದದ್ದನ್ನ ಇಲಿ ತಿಂದ್ವು. ಈಗ ಕೇಳಿದರೆ ಊರಲ್ಲಿ ಯಾರ ಹತ್ರಾನೂ ಇಲ್ಲ."

ಮರುದಿನವೇ ಅಷ್ಟನ್ನೂ ಅವನಿಗೆ ಕಳಿಸಿದೆ. ಟಬ್ಬಿನಲ್ಲಿ ಹುಲ್ಲಿನ ಬುಡ ಮಾತ್ರ ಉಳಿಯಿತು. ಎಷ್ಟೋ ದಿನ ಅದನ್ನು ಕೀಳಲು ಮನಸ್ಸಾಗಲಿಲ್ಲ.

ಈ ಮಳೆಗಾಲದಲ್ಲಿ ಮಾವ ಗಜನಿಯ ಒಂದು ಮೂಲೆಯಲ್ಲಿ ಅದನ್ನು ಬಿತ್ತಿದ. ಮೊನ್ನೆ ವಿಡಿಯೋ ಕಾಲ್ ಮಾಡಿ ಹಸಿರು ತೋರಿಸಿದ. ಮಗಳು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಮಾವ ಫೋನನ್ನು ಪೈರಿನ ಹತ್ತಿರ ಹಿಡಿದ.

"ಗಾಳಿ ಕೇಳ್ತದಾ ಮಗಾ?"

"ಕೇಳ್ತದೆ ಮಾವ," ಎಂದೆ.

ನನಗೆ ಕೇಳಿಸುತ್ತಿದ್ದುದು ಕೆಳಗಿನ ರಸ್ತೆಯ ಹಾರ್ನುಗಳು ಮಾತ್ರ.