ಎಂಜಿನ್ ಇಲ್ಲದ ಬಸ್ಸಿನಲ್ಲಿ ಎರಡು ಚಳಿಗಾಲ

ಆಗ ನನಗೆ ಅರವತ್ತೊಂದು. ಹದಿನೆಂಟು ವರ್ಷವಾಯಿತು. ಮನುಷ್ಯನ ಕಾಲಿನ ಮೂಳೆ ಮುರಿದರೆ ಸದ್ದು ಹೇಗಿರುತ್ತದೆ ಎಂದು ಅಲ್ಲಿಯ ತನಕ ನನಗೆ ಗೊತ್ತಿರಲಿಲ್ಲ. ಹಸಿ ಕಬ್ಬು ಮುರಿದ ಹಾಗೆ ಇರುತ್ತದೆ. ಆ ಕಾಲು ಮುರಿದವಳು ನಾನೇ.

ನನ್ನ ಗಂಡ ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ ಡ್ರೈವರ್. ಮೂವತ್ತೊಂದು ವರ್ಷ ಕೆಲಸದವರನ್ನು ಗುಡ್ಡಕ್ಕೆ ಏರಿಸಿದ, ಇಳಿಸಿದ, ಮನೆಗೆ ಬಂದು ನನ್ನನ್ನು ಹೊಡೆದ. ಕುಡಿದ ದಿನವೂ ಹೊಡೆಯುತ್ತಿದ್ದ, ಕುಡಿಯದ ದಿನವೂ ಹೊಡೆಯುತ್ತಿದ್ದ. ನನ್ನ ಎಡಗಿವಿ ಕೇಳಿಸುವುದಿಲ್ಲ, ಅದು ಅವನ ಕೈಯ ಕೆಲಸ. ಒಂದು ಸಲ ನಾನು ಒಲೆಯಿಂದ ಕೊಳ್ಳಿ ಎಳೆದು ಅವನ ತೊಡೆಗೆ ಇಟ್ಟೆ. ಆಮೇಲೆ ಸ್ವಲ್ಪ ಕಡಿಮೆಯಾಯಿತು. ಬದುಕಿರುವ ತನಕ ಎದುರಿಗೆ ಅವನನ್ನು ‘ರೀ’ ಎಂದೇ ಕರೆದೆ. ಈಗ ಬರೆಯುವಾಗ ‘ಅವನು’ ಎನ್ನುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ರಿಟೈರ್ ಆಗುವ ಹೊತ್ತಿಗೆ ಅವನ ಎದೆಯಲ್ಲಿ ಗಣಿಯ ಧೂಳು ಕೂತಿತ್ತು. ಹೊಡೆಯಲು ಕೈ ಎತ್ತಿದರೆ ಕೆಮ್ಮು ಬಂದು ಕೈ ಹಾಗೇ ಕೆಳಗೆ ಇಳಿಯುತ್ತಿತ್ತು. ಕೆಮ್ಮಿ ಉಗುಳಿದರೆ ಕಫ ಇಟ್ಟಿಗೆಯ ಬಣ್ಣ. ಹೊಸಪೇಟೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಅವನನ್ನು ಹೊರಗೆ ಕೂರಿಸಿ, ನನಗೆ ಹೇಳಿದರು:

“ಅಮ್ಮಾ, ಚಳಿಗಾಲದಾಗ ಧೂಳು ಮ್ಯಾಲೆ ಏರಂಗಿಲ್ಲ, ಮೂಗಿನ ಮಟ್ಟಕ್ಕೇ ತೇಲತೈತಿ. ಈ ನಾಕು ತಿಂಗಳು ಇವರನ್ನ ಅಲ್ಲಿಂದ ದೂರ ಇಡ್ರಿ. ಇಲ್ಲಂದ್ರ ಮುಂದಿನ ಚಳಿಗಾಲ ಇವರು ನೋಡಂಗಿಲ್ಲ.”

ದೂರ ಎಂದರೆ ಎಲ್ಲಿ? ನಮಗೆ ಇದ್ದದ್ದು ಯಶವಂತನಗರದಲ್ಲಿ ಒಂದು ಕೋಣೆ. ಆಗ ಗಣಿ ಎಷ್ಟು ಜೋರಾಗಿತ್ತೆಂದರೆ ಸಂಡೂರಿನಿಂದ ಹೊಸಪೇಟೆಯ ತನಕ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತಿದ್ದವು. ಒಣಗಲು ಹಾಕಿದ ಬಿಳಿ ಧೋತ್ರ ಮಧ್ಯಾಹ್ನದೊಳಗೆ ಕೆಂಪಾಗುತ್ತಿತ್ತು.

ಉಪಾಯ ಹೊಳೆದದ್ದು ಅವನಿಗೆ. ಹಿಂದೆ ಯಾವಾಗಲೋ ಕಂಪನಿಯವರನ್ನು ಹಂಪಿಗೆ ಕರೆದುಕೊಂಡು ಹೋದಾಗ ಅಲ್ಲಿ ಒಬ್ಬ ಬಿಳಿ ಮುದುಕ, ಒಬ್ಬ ಬಿಳಿ ಮುದುಕಿ ತಮ್ಮ ಗಾಡಿಯೊಳಗೇ ಅಡುಗೆ ಮಾಡಿಕೊಂಡು ಬಂಡೆಯ ನೆರಳಲ್ಲಿ ಕೂತದ್ದನ್ನು ನೋಡಿದ್ದ. ಅವರ ದೇಶದಲ್ಲಿ ಚಳಿ ಬಂದರೆ ಪಿಂಚಣಿಯ ಮುದುಕರೆಲ್ಲ ಹೀಗೇ ಗಾಡಿ ಹೊಡೆದುಕೊಂಡು ಬಿಸಿಲಿನ ಬಯಲಿಗೆ ಹೋಗಿ, ಶಿವರಾತ್ರಿ ಕಳೆಯುವ ತನಕ ಅಲ್ಲೇ ಇರುತ್ತಾರಂತೆ ಎಂದು ಗೈಡ್ ಹೇಳಿದ್ದನಂತೆ. ಶಿವರಾತ್ರಿ ನಮ್ಮವನು ಸೇರಿಸಿದ್ದು.

ಅದೇ ವರ್ಷ ಕಂಪನಿಯವರು ಅವನು ಓಡಿಸುತ್ತಿದ್ದ ಬಸ್ಸನ್ನೇ ಗುಜರಿಗೆ ಹಾಕಿದರು. ಎಂಜಿನ್ ಗುಜರಿಯವನು ಬಿಚ್ಚಿಕೊಂಡ. ಉಳಿದ ಡಬ್ಬಾ, ನಾಲ್ಕು ಸೀಟು, ಸ್ಟೇರಿಂಗ್, ಗಾಲಿಗಳು ಇವನ ಪಾಲಿಗೆ ಬಂದವು.

“ಎಂಜಿನ್ ಇಲ್ಲದ್ದು ತಗೊಂಡು ಏನ್ ಮಾಡ್ತೀರಿ? ಕೋಳಿ ಸಾಕ್ತೀರೇನು?” ಎಂದೆ.

“ನಿನ್ನ ಸಾಕ್ತೀನಿ ಬಾ,” ಎಂದ.

ಪಾಪಿನಾಯಕನಹಳ್ಳಿಯ ಗೌಡರೊಬ್ಬರು ಅವನಿಗೆ ಹಳೆಯ ಗುರುತು. ಊರಾಚೆ ಹಂಪಿಯ ಕಡೆಗೆ ಅವರದೊಂದು ಕಲ್ಲುಬಯಲು ಇತ್ತು. ಏನೂ ಬೆಳೆಯದ ನೆಲ, ಜಾಲಿ ಮುಳ್ಳು, ಸುತ್ತ ಬಂಡೆ. “ಇರ್ರಿ, ಬಯಲಿಗೇನು ನೋವಾಗ್ತೈತಾ,” ಎಂದರು. ಟ್ರ್ಯಾಕ್ಟರಿಗೆ ಕಟ್ಟಿ ಬಸ್ಸನ್ನು ಎಳೆದು ತಂದೆವು. ನೆಲ ಸ್ವಲ್ಪ ಇಳಿಜಾರು. ಗಾಡಿಯ ಮುಖ ಯಾವಾಗಲೂ ದಾರಿಯ ಕಡೆಗಿರಬೇಕು ಎಂದು ಅವನ ಹಟ. ಹಾಗಾಗಿ ಬಸ್ಸು ಇಳಿಜಾರಿಗೆ ಮುಖ ಮಾಡಿ ನಿಂತಿತು. ಬ್ರೇಕ್ ಇರಲಿಲ್ಲ. ಮುಂದಿನ ಎಡಗಾಲಿಗೆ ಒಂದು ದಪ್ಪ ಕಲ್ಲು ಕೊಟ್ಟು, ಅದರ ಪಕ್ಕ ಒಂದು ಹಾರೆ ಚುಚ್ಚಿ ನಿಲ್ಲಿಸಿದ. ಬಸ್ಸನ್ನು ಹಿಡಿದಿದ್ದದ್ದು ಆ ಒಂದು ಕಲ್ಲು.

ದೀಪಾವಳಿ ಮುಗಿಸಿ ಹೋಗುವುದು, ಶಿವರಾತ್ರಿಗೆ ಊರಿಗೆ ವಾಪಸ್. ಆಮೇಲೆ ಬಸ್ಸಿನ ತಗಡು ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು, ಇರಲು ಆಗುತ್ತಿರಲಿಲ್ಲ. ಮೊದಲ ಚಳಿಗಾಲ ಒಳ್ಳೆಯದಿತ್ತು. ತಿಂಗಳಲ್ಲಿ ಅವನ ಕಫ ಬೆಳ್ಳಗಾಯಿತು. ನಾನು ದಿನಾ ಬೆಳಿಗ್ಗೆ ಅದನ್ನೇ ನೋಡುತ್ತಿದ್ದೆ. ಅಸಹ್ಯ ಎಂದು ಯಾರಾದರೂ ಅಂದರೆ ಅನ್ನಲಿ, ಅವನು ಇರುತ್ತಾನೋ ಹೋಗುತ್ತಾನೋ ಎಂದು ತಿಳಿಯಲು ನನಗೆ ಬೇರೆ ದಾರಿ ಇರಲಿಲ್ಲ.

ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಲಾರಿ, ಬಸ್ಸುಗಳಿಗೆಲ್ಲ ಪೂಜೆ. ಇವನೂ ಬಿಡುತ್ತಿರಲಿಲ್ಲ. ಸ್ಟೇರಿಂಗಿಗೆ ಊದಿನಕಡ್ಡಿ, ಮುಂದೆ ತೆಂಗಿನಕಾಯಿ, ಗಾಲಿಯ ಕೆಳಗೆ ನಿಂಬೆಹಣ್ಣು. ಪೂಜೆ ಆದ ಮೇಲೆ ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು ಒಂದೊಂದೇ ಗಾಲಿಯನ್ನು ಜಾಕಿಯ ಮೇಲೆ ಎತ್ತಿ, ಗ್ರೀಸ್ ತುಂಬಿ, ಕೈಯಿಂದ ಗರಗರ ತಿರುಗಿಸಿ, ಪಂಪಿನಲ್ಲಿ ಗಾಳಿ ಹೊಡೆಯುತ್ತಿದ್ದ. ಅರ್ಧ ದಿನದ ಕೆಲಸ. ನಡುನಡುವೆ ಕೂತು ಏದುಸಿರು ಬಿಡುತ್ತಿದ್ದ.

“ಸತ್ತವರ ಕಾಲು ಒತ್ತಿದಂಗಾತು ನಿಮ್ಮ ಕೆಲಸ,” ಎನ್ನುತ್ತಿದ್ದೆ.

“ಗಾಲಿ ತಿರುಗಲಿಲ್ಲಂದ್ರ ಅದು ಬಸ್ ಅಲ್ಲಲೇ, ಗೋರಿ.”

ಎರಡನೆಯ ಚಳಿಗಾಲಕ್ಕೆ ಕಂಪನಿಯ ಒಬ್ಬ ರಿಟೈರ್ಡ್ ಫಿಟ್ಟರ್ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. ಹಳೆಯ ಟ್ರ್ಯಾಕ್ಟರ್ ಟ್ರೇಲರಿಗೆ ತಗಡು ಹೊದಿಸಿ ನಮ್ಮ ಪಕ್ಕ ನಿಲ್ಲಿಸಿಕೊಂಡ. ಅವನ ಎದೆಯೂ ನಮ್ಮವನ ಎದೆಯ ಹಾಗೇ. ಗಂಡಸರು ಇಸ್ಪೀಟು ಆಡುತ್ತ ಯಾರು ಹೆಚ್ಚು ಕೆಮ್ಮುತ್ತಾರೆ ಎಂದು ಒಬ್ಬರಿಗೊಬ್ಬರು ಚೇಷ್ಟೆ ಮಾಡುತ್ತಿದ್ದರು. ನಾವಿಬ್ಬರು ಹೆಂಗಸರು ಒಂದೇ ಒಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆವು.

ಸಂಕ್ರಾಂತಿಗೆ ವಾರವಿರುವಾಗ ಒಂದು ಜೀಪು ಬಂತು. ಇಳಿದವನು ಕಪ್ಪು ಕನ್ನಡಕದವನು, ಮೂವತ್ತೈದು ವಯಸ್ಸಿರಬಹುದು. ಅದಿರು ಹೊರುವ ಟಿಪ್ಪರುಗಳ ಮಾಲೀಕನೊಬ್ಬನ ಕಡೆಯವನು. ಅವನ ಹಿಂದೆ ಇಬ್ಬರು ದಾಂಡಿಗರು.

“ಜಾಗ ಖಾಲಿ ಮಾಡ್ರಿ. ಇಲ್ಲಿ ಅದಿರು ಸುರೀತೀವಿ,” ಎಂದ.

“ಗೌಡ್ರು ಹೇಳಲಿ, ಹೋಗ್ತೀವಿ,” ಎಂದ ನನ್ನ ಗಂಡ.

ಕನ್ನಡಕದವನು ಮುಂದೆ ಬಂದ. ಬಸ್ಸಿನ ಬಾನೆಟ್ ಎತ್ತಿ ಒಳಗೆ ಬಗ್ಗಿ ನೋಡಿ ನಕ್ಕ. “ಲೇ, ಬರ್ರಲೇ ಇಲ್ಲಿ, ಇದ್ರಾಗ ಎಂಜಿನ್ನೇ ಇಲ್ಲ! ಮುದುಕನಂಗ ಬರೀ ಡಬ್ಬಾ!” ಮೂವರೂ ನಕ್ಕರು. ಹೋಗುವಾಗ ಕಲ್ಲೆಸೆದು ಎರಡು ಕಿಟಕಿ ಗಾಜು ಒಡೆದರು. ಮೂವರೂ ಗಾಡಿಯ ಮಂದಿಯೇ. ಎಂಜಿನ್ ನೋಡಿದರು. ಗಾಲಿ ನೋಡಲಿಲ್ಲ.

ಮೂರು ದಿನ ಬಿಟ್ಟು ಟಿಪ್ಪರುಗಳು ಬಂದವು. ನಮ್ಮ ಕೆಳಗೆ, ದಾರಿಯ ಅಂಚಿಗೆ, ಅದಿರು ಸುರಿದವು. ಯಾವ ಧೂಳಿಗೆ ಹೆದರಿ ಓಡಿ ಬಂದಿದ್ದೆವೋ ಅದೇ ಧೂಳು ಲಾರಿ ಹತ್ತಿ ನಮ್ಮ ಬಾಗಿಲಿಗೆ ಬಂತು. ಮಾರನೆಯ ದಿನ ನನ್ನ ಗಂಡನ ಕಫ ಮತ್ತೆ ಕೆಂಪು. ಅದರ ಮರುದಿನ ಅದರಲ್ಲಿ ರಕ್ತವೇ ಇತ್ತು. ಎರಡು ಕೆಂಪಿನ ನಡುವಿನ ವ್ಯತ್ಯಾಸ ನನಗೆ ಗೊತ್ತು.

ಫಿಟ್ಟರ್ ಸಿಟ್ಟಿನ ಮನುಷ್ಯ. ಹೋಗಿ ಟಿಪ್ಪರಿಗೆ ಅಡ್ಡ ನಿಂತ. ದಾಂಡಿಗರಲ್ಲಿ ಒಬ್ಬ ಗಾಲಿ ಬಿಚ್ಚುವ ಸ್ಪ್ಯಾನರ್ ತೆಗೆದು ಅವನ ಬಾಯಿಗೇ ಬೀಸಿದ. ಅವನು ಕೂತುಕೊಂಡು ಮಣ್ಣಲ್ಲಿ ತನ್ನ ಹಲ್ಲು ಹುಡುಕುತ್ತಿದ್ದ. ನಾನು, ಅವನ ಹೆಂಡತಿ ಸೇರಿ ಎತ್ತಿಕೊಂಡು ಬಂದೆವು. ಮಧ್ಯಾಹ್ನ ಅವರು ಗಂಟು ಕಟ್ಟಿದರು.

“ಯಕ್ಕಾ, ನೀವೂ ಬರ್ರಿ. ಇವರು ಕೊಂದು ಹಾಕ್ತಾರ,” ಎಂದಳು ಅವಳು.

“ಎಲ್ಲಿಗೆ ಬರ್ಲವ್ವ? ಯಶವಂತನಗರಕ್ಕಾ? ಅಲ್ಲಿಗೆ ಹೋದ್ರೂ ಸಾಯೋದ, ಇಲ್ಲಿದ್ರೂ ಸಾಯೋದ. ಇಲ್ಲಿ ಬಸ್ಸಾದ್ರೂ ಐತಿ.”

ಗೌಡರ ಮನೆಗೆ ನಡೆದುಕೊಂಡು ಹೋದೆ. ಅವರು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, “ಅವರ ಕೂಡ ಯಾರು ಜಗಳ ಆಡ್ತಾರವ್ವಾ. ನನಗೂ ಮಕ್ಕಳು ಮರಿ ಅದಾವು,” ಎಂದರು. ಕಣ್ಣು ನೆಲದ ಮೇಲಿತ್ತು. ವಾಪಸ್ ಬಂದು ರೊಟ್ಟಿ ಮಾಡಿದೆ.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಅವರು ಬಂದರು. ನಾನು ಒಲೆಯ ಮುಂದಿದ್ದೆ, ಹಂಚು ಕಾದಿತ್ತು. ನನ್ನ ಗಂಡ ಎಂದಿನಂತೆ ಬಸ್ಸಿನೊಳಗೆ ಡ್ರೈವರ್ ಸೀಟಿನಲ್ಲಿ ಕೂತಿದ್ದ. ಬೆಳಿಗ್ಗೆ ಒಂದು ತಾಸು ಅಲ್ಲಿ ಕೂತು ಬಯಲು ನೋಡದಿದ್ದರೆ ಅವನಿಗೆ ದಿನ ಹುಟ್ಟುತ್ತಿರಲಿಲ್ಲ. ಜೀಪು ಬಸ್ಸಿನ ಮುಂದೆಯೇ, ಇಳಿಜಾರಿನ ಕೆಳಗೆ ಅದಕ್ಕೆ ಮುಖ ಕೊಟ್ಟು ನಿಂತಿತು. ಕನ್ನಡಕದವನು ಇಳಿದು ಜೀಪಿನ ಬಂಪರಿನ ಮೇಲೆ ಕೂತು, ಕಾಲು ನಮ್ಮ ಕಡೆ ಚಾಚಿ, ಫೋನು ತೆಗೆದ. ದೂರದಲ್ಲಿ ದಾರಿಯ ಮೇಲೆ ಜೆಸಿಬಿ ಬರುತ್ತಿತ್ತು.

“ಮುದುಕನ್ನ ಇಳಸ್ರಲೇ. ಡಬ್ಬಾ ಮುದ್ದಿ ಮಾಡ್ಸೋಣ,” ಎಂದ.

ದಾಂಡಿಗರಿಬ್ಬರೂ ಬಸ್ಸು ಹತ್ತಿದರು. ನನ್ನ ಗಂಡ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದ. ಅವರು ದೊಣ್ಣೆಯಿಂದ ಅವನ ಬೆರಳಿನ ಮೇಲೆ ಹೊಡೆದರು. ಬಿಡಲಿಲ್ಲ. ಕಿವಿಯ ಮೇಲೆ ಹೊಡೆದರು. ಬಿಡಲಿಲ್ಲ. ಮುದುಕ ಕೂಗಲೂ ಇಲ್ಲ. ಕೆಮ್ಮುತ್ತಿದ್ದ ಅಷ್ಟೇ. ಮೂವತ್ತು ವರ್ಷ ನನ್ನನ್ನು ಹೊಡೆದ ಕೈ ಅದು. ಅದು ಮುರಿಯುವುದನ್ನು ನೋಡಬೇಕು ಎಂದು ಎಷ್ಟೋ ಸಲ ಆಸೆಪಟ್ಟಿದ್ದೆ. ಆದರೆ ಬೇರೆಯವರ ದೊಣ್ಣೆಯಿಂದ ಅಲ್ಲ.

ಕಾದ ಹಂಚನ್ನು ಸೆರಗಿನಲ್ಲಿ ಹಿಡಿದು ಒಳಗೆ ಹತ್ತಿದೆ. ಹತ್ತಿರವಿದ್ದವನ ಕುತ್ತಿಗೆಗೆ ಒತ್ತಿದೆ. ಚರ್ಮ ಸುಟ್ಟ ವಾಸನೆ ಬಂತು. ಅವನು ಚೀರುತ್ತ ಹೊರಗೆ ಹಾರಿದ. ಇನ್ನೊಬ್ಬ ನನ್ನ ಹೊಟ್ಟೆಗೆ ಒದ್ದ. ಮೆಟ್ಟಿಲಿನಿಂದ ಹಿಮ್ಮುಖವಾಗಿ ನೆಲಕ್ಕೆ ಬಿದ್ದೆ. ಅವನು ನನ್ನನ್ನು ದಾಟಿ ಸುಟ್ಟವನ ಹಿಂದೆ ಓಡಿದ. ಕನ್ನಡಕದವನು ಕೂತಲ್ಲಿಂದಲೇ ನಗುತ್ತಿದ್ದ. “ಮುದುಕಿ ಕೈಲಿ ಹೊಡಸಿಕೊಂಡ್ರೇನಲೇ, ಥೂ!”

ನಾನು ಬಿದ್ದ ಜಾಗ ಮುಂದಿನ ಎಡಗಾಲಿಯ ಪಕ್ಕ. ಕಲ್ಲು ಕಂಡಿತು. ಹಾರೆ ಕಂಡಿತು. ತಲೆ ಎತ್ತಿದರೆ ಬಾನೆಟ್ಟಿನಾಚೆ ಕನ್ನಡಕದವನ ಚಾಚಿದ ಕಾಲೂ ಕಂಡಿತು. ಅವಸರದಲ್ಲಿ ನೋಡಲಿಲ್ಲ, ಗೊತ್ತಿಲ್ಲದೆ ಆಯಿತು ಎಂದು ಹದಿನೆಂಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ನೋಡಿದ್ದೆ.

ಹಾರೆ ಕಿತ್ತು ಕಲ್ಲಿನ ಬುಡಕ್ಕೆ ಹಾಕಿದೆ. ಸೀಟಿನಿಂದಲೇ ಬಾಗಿಲ ಕಡೆ ಬಗ್ಗಿದ ನನ್ನ ಗಂಡನ ಮುಖ ಕಂಡಿತು, ಮೂಗಿನಿಂದ ರಕ್ತ. ನನ್ನ ಕೈ ನೋಡಿದ, ಕೆಳಗಿನ ಜೀಪು ನೋಡಿದ.

“ತೆಗೀಲೇ,” ಎಂದ.

ಮೈಯ ಭಾರವೆಲ್ಲ ಹಾರೆಯ ಮೇಲೆ ಹಾಕಿದೆ. ಕಲ್ಲು ಮಗ್ಗುಲಾಯಿತು. ಬಸ್ಸು ಒಂದು ಸಲ ಜಗ್ಗಿತು, ಆಮೇಲೆ ಸದ್ದೇ ಇಲ್ಲದೆ ಹೊರಟಿತು. ಎಂಜಿನ್ ಇದ್ದಿದ್ದರೆ ಅವನಿಗೆ ಕೇಳಿಸುತ್ತಿತ್ತು. ಗ್ರೀಸ್ ತಿಂದ ಗಾಲಿಗಳು ಬೆಣ್ಣೆಯ ಹಾಗೆ ಉರುಳಿದವು. ಕನ್ನಡಕದವನು ಫೋನಿನಿಂದ ತಲೆ ಎತ್ತುವ ಹೊತ್ತಿಗೆ ಅವನ ಮೊಣಕಾಲು ಎರಡು ಬಂಪರುಗಳ ನಡುವೆ ಇತ್ತು. ಆ ಸದ್ದು ನನ್ನ ಒಂದೇ ಕಿವಿಗೆ ಚೆನ್ನಾಗಿ ಕೇಳಿಸಿತು. ಬಸ್ಸು ಜೀಪನ್ನು ಮಗ್ಗುಲಿಗೆ ಕೆಡವಿ, ತಳ್ಳಿಕೊಂಡು ಹೋಗಿ, ಅದಿರಿನ ಗುಡ್ಡೆಗೆ ಮುಖ ಹೂತು ನಿಂತಿತು. ಕೆಂಪು ಧೂಳು ಎದ್ದು ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಚೀರಾಟ ಮಾತ್ರ.

ದಾಂಡಿಗರು ಓಡಿ ಹೋಗಿದ್ದರು. ಜೆಸಿಬಿಯವನು ಬಂದು ಬಕೆಟ್ಟಿನಿಂದ ಜೀಪು ಎತ್ತಿ ಕನ್ನಡಕದವನನ್ನು ಎಳೆದ. ಅವನ ಎಡಗಾಲು ಪ್ಯಾಂಟಿನೊಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅವನು “ಯವ್ವಾ, ಯವ್ವಾ” ಎನ್ನುತ್ತಿದ್ದ. ಅವನ ತಾಯಿಗೂ ನನ್ನಷ್ಟೇ ವಯಸ್ಸಿರಬಹುದು ಎಂದು ಒಂದು ಕ್ಷಣ ಅನ್ನಿಸಿತು. ಆಮೇಲೆ ಫಿಟ್ಟರನ ಹಲ್ಲು ನೆನಪಾಯಿತು.

ನನ್ನ ಗಂಡ ಸ್ಟೇರಿಂಗಿಗೆ ಎದೆ ಬಡಿಸಿಕೊಂಡಿದ್ದ. ಪಕ್ಕೆಲುಬು ಎರಡು ಹೋಗಿದ್ದವು, ಬೆರಳು ಮೂರು. ಬಾಗಿಲು ತೆಗೆದು ನೋಡಿದರೆ ನಗುತ್ತಿದ್ದ, ಹಲ್ಲೆಲ್ಲ ರಕ್ತ.

“ಬ್ರೇಕ್ ಇಲ್ಲಂತ ನಿನಗ ಗೊತ್ತಿರ್ಲಿಲ್ಲೇನಲೇ?”

“ಗೊತ್ತಿತ್ತು. ನಿಮಗ ಗೊತ್ತಿರ್ಲಿಲ್ಲೇನ್ರಿ?”

ಮಧ್ಯಾಹ್ನ ಗೌಡರೇ ಓಡಿ ಬಂದರು. ಈಗ ಕಣ್ಣು ನೆಲದ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. “ಎಂಥಾ ಹೆಣ್ಣವ್ವ ನೀನು! ಅವನ ಕಾಲು ತೆಗೀತಾರಂತ. ಕಂಪ್ಲೇಂಟ್ ಕೊಡಂಗಿಲ್ಲ ಅವರು. ಕೊಟ್ರ ಈ ಕಳ್ಳ ಅದಿರು ಎಲ್ಲಿಂದ ಬಂತು ಅಂತ ಪೊಲೀಸ್ರು ಕೇಳ್ತಾರ. ಆದ್ರ ಮಂದಿ ಕಟ್ಟಿಕೊಂಡು ಬರ್ತಾರ. ನಾಳೆ ಮಧ್ಯಾಹ್ನ ಇಲ್ಲಿರಬ್ಯಾಡ್ರಿ.”

“ಎಲ್ಲಿಗೆ ಹೋಗೋಣ್ರಿ?”

ಅವರು ಬಸ್ಸನ್ನು ಒಂದು ಸುತ್ತು ಹಾಕಿ ಬಂದರು. “ಮೆಟ್ರಿ ಊರಾಗ ನಮ್ಮ ಬೀಗರ ಕಣ ಐತಿ. ಕಾಲುವೆ ದಂಡಿ, ಸುತ್ತ ಭತ್ತದ ಗದ್ದಿ. ಲಾರಿ ಬರಂಗಿಲ್ಲ ಅಲ್ಲಿ. ಬೆಳಿಗ್ಗೆ ಹತ್ತಕ್ಕ ಟ್ರ್ಯಾಕ್ಟರ್ ಕಳಸ್ತೀನಿ. ಆದ್ರ ಈ ಡಬ್ಬಾ ಕಂಪ್ಲಿ ಕಡೆ ಅಷ್ಟು ದೂರ ಉರುಳತೈತೇನು?”

ನನ್ನ ಗಂಡನನ್ನು ಸೀಟಿನ ಮೇಲೆ ಮಲಗಿಸಿ ಎದೆಗೆ ನನ್ನ ಹಳೆಯ ಸೀರೆ ಬಿಗಿದು ಕಟ್ಟಿದ್ದೆ. ಗೌಡರ ಮಾತಿಗೆ ಅವನು ಬಸ್ಸಿನ ತಗಡು ನೋಡುತ್ತ, “ಗಾಲಿ ನೋಡ್ಬೇಕು,” ಎಂದ. ಕೈ ನೋಡಿಕೊಂಡ. ಬೆರಳು ಬದನೆಕಾಯಿಯ ಹಾಗೆ ಬಾತಿದ್ದವು.

ಮರುದಿನ ಬೆಳಿಗ್ಗೆ, ಸೂರ್ಯ ಬಂಡೆಯ ಮೇಲೆ ಬರುವ ಮುಂಚೆ ಎದ್ದೆ. ಅವನು ಒಳಗೆ ಕೆಮ್ಮುತ್ತಿದ್ದ. ನಾನು ಸೀಟಿನ ಕೆಳಗಿನಿಂದ ಗ್ರೀಸ್ ಡಬ್ಬಿ, ಜಾಕಿ ಎಳೆದುಕೊಂಡೆ. ಸೀರೆ ಕಚ್ಚೆ ಹಾಕಿಕೊಂಡು ಬಸ್ಸಿನ ಕೆಳಗೆ ಹೋಗಿ ಮೊದಲ ಗಾಲಿ ಎತ್ತಿದೆ. ಮೊಣಕೈ ತನಕ ಗ್ರೀಸ್ ಮಾಡಿಕೊಂಡು, ಅವನು ಕಿಟಕಿಯಿಂದ “ಇನ್ನಾ ಹಾಕು, ಇನ್ನಾ ಹಾಕು” ಎಂದು ಬೈಯುತ್ತಿದ್ದಾಗ, ಗಾಲಿಯನ್ನು ಕೈಯಿಂದ ತಿರುಗಿಸಿದೆ. ತಿರುಗಿತು.