ಸೊಣ್ಣಮ್ಮನವರ ಮನೆಗೆ ಬಂದ ಕಬಡ್ಡಿ ಆಟಗಾರ

ಕತ್ರಿಗುಪ್ಪೆಯಲ್ಲಿ ನಾವಿದ್ದ ಮನೆಯ ಮಾಲೀಕರ ಹೆಂಡತಿ ಸೊಣ್ಣಮ್ಮನವರು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾದ ಮೇಲೆ ಮೂರು ಮನೆ ಕಟ್ಟಿಸಿ, ಎರಡನ್ನು ಬಾಡಿಗೆಗೆ ಕೊಟ್ಟಿದ್ದರು. ಹೊಲ ಹೋದರೂ ಹತ್ತು ಆಳಿಗೆ ಬೇಯಿಸುವ ಅವರ ಕೈಯಳತೆ ಹೋಗಿರಲಿಲ್ಲ. ಏಳು ತಿಂಗಳ ನನ್ನ ಮಗಳು ಒಂದು ಹೊತ್ತು ಹಾಲು ಬಿಟ್ಟರೆ ಸಾಕು, ಜೀವ ಬಾಯಿಗೆ ಬಂದು ಅವರ ಹಿತ್ತಲಿಗೆ ಓಡುತ್ತಿದ್ದೆ. "ಹಸಿವಾದ್ರೆ ಅದೇ ಕಿರುಚ್ತದೆ, ಸುಮ್ಕಿರವ್ವ," ಎನ್ನುತ್ತಿದ್ದರು. ನನಗೆ ಹೇಳಿದ ಈ ಬುದ್ಧಿಯನ್ನು ತಮ್ಮ ಅಣ್ಣನ ಮಗ ಉಗ್ರಪ್ಪ ಬಂದಾಗ ಅವರೇ ಮರೆತರು.

೧೯೮೨ರಲ್ಲಿ ಬನಶಂಕರಿಯ ಬಯಲಿನಲ್ಲಿ ಕಬಡ್ಡಿ ಪಂದ್ಯ ನಡೆಯಲಿತ್ತು. ಎರಡು ವರ್ಷ ಯಡಿಯೂರಿನವರಿಗೆ ಸೋತಿದ್ದ ನಮ್ಮ ಕಡೆಯವರು ಹಾರೋಹಳ್ಳಿ ಪಕ್ಕದ ಊರಿನಿಂದ ಉಗ್ರಪ್ಪನನ್ನು ಕರೆಸಿದರು. ತಂಡದ ಹಿರಿಯ ಬೈರಣ್ಣ ಅವನ ಆಟವನ್ನು ಒಂದೇ ಒಂದು ಸಲ ನೋಡಿದ್ದರು. ನುಗ್ಗಿದರೆ ಇಬ್ಬರನ್ನು ಔಟ್ ಮಾಡದೆ ಬರುವುದಿಲ್ಲ ಎಂದಿದ್ದರು, ಅಷ್ಟೇ. ಆ ಇಬ್ಬರು ಬಾಯಿಂದ ಬಾಯಿಗೆ ಹಾಲಿನ ಡಿಪೋ ತಲುಪುವಷ್ಟರಲ್ಲಿ ನಾಲ್ವರಾಗಿದ್ದರು. ಸಂಜೆ ನನ್ನ ಗಂಡ ಸುದ್ದಿ ತಂದಾಗ ಇಡೀ ತಂಡವೇ ಔಟಾಗಿತ್ತು. ಆಟ ನೋಡಲು ಒಂದು ಕಾರ್ಖಾನೆಯ ಕ್ರೀಡಾ ವಿಭಾಗದಿಂದ ಗಂಗಾಧರಯ್ಯ ಎಂಬುವರು ಬರುತ್ತಾರೆ, ಮೆಚ್ಚಿದರೆ ಉಗ್ರಪ್ಪನಿಗೆ ಅಲ್ಲಿ ಕೆಲಸ ಎಂದೂ ಮಾತಾಗಿತ್ತು. "ನಮ್ಮಣ್ಣನ ಮನೇಲಿ ಸಂಬಳ ಅಂತ ಕಂಡೋರೇ ಇಲ್ಲ ಕಣವ್ವ," ಎಂದು ಸೊಣ್ಣಮ್ಮನವರು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದರು.

ಪಂದ್ಯಕ್ಕೆ ಹತ್ತು ದಿನ ಮುಂಚೆ ಮೂವತ್ತು ಜನ ಹಾರ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತರು. ಇಳಿದದ್ದು ಹತ್ತೊಂಬತ್ತರ ಸಣಕಲ ಹುಡುಗ. ಹಾಕಿದ ಹಾರ ಮೊಣಕಾಲಿಗೆ ಬಂತು.

"ಇವ್ನೇನಾ ಗುರು?" ಎಂದು ಒಬ್ಬ ಕೇಳಿದ.

"ಫ್ಯಾನ್ ಹಾಕ್ಬೇಡ ಮಗಾ, ಹಾರ್ಹೋಗ್ತಾನೆ," ಎಂದ ಇನ್ನೊಬ್ಬ.

ಬೈರಣ್ಣನಿಗೆ ಅವಮಾನವಾಯಿತು. "ಹತ್ತು ದಿನ ಐತೆ. ಮೈ ಕೈ ತುಂಬಿಸಿದ್ರೆ ಸರಿ," ಎಂದರು.

ಹೊರಗಿನಿಂದ ಬಂದ ಆಟಗಾರನಿಗೆ ದಿನಕ್ಕೊಂದು ಮನೆಯ ಊಟ ಎಂಬುದು ಅಲ್ಲಿನ ಪದ್ಧತಿ. ಉಗ್ರಪ್ಪನಿಗೆ ಹೊತ್ತಿಗೊಂದು ಮನೆಯಾಯಿತು. ನಾಟಿಕೋಳಿ ಸಾರು, ಮುದ್ದೆ, ಹಸಿ ಮೊಟ್ಟೆ, ತುಪ್ಪ. ಬೇಡವೆಂದರೆ, "ನಮ್ಮನೆ ಊಟ ಸೇರಲ್ವೇನಪ್ಪಾ?" ಎಂದು ಮುಖ ಸಣ್ಣದು ಮಾಡುತ್ತಿದ್ದರು. ಎಲ್ಲ ಮುಗಿಸಿ ಬಂದರೆ ಸೊಣ್ಣಮ್ಮನವರು, "ಅತ್ತೆ ಕೈದೂ ಒಂಚೂರು," ಎಂದು ಮತ್ತೆ ತಟ್ಟೆ ಇಡುತ್ತಿದ್ದರು. ನಾನೂ ಬಿಡಲಿಲ್ಲ. ಹುಡುಗ ಬಡಕಲೆಂದು ಬಾದಾಮಿ ಹಾಲು ಕುಡಿಸಿದೆ.

ಐವತ್ತೈದು ಕೆ.ಜಿ. ಒಳಗಿನವರಿಗೆ ಮಾತ್ರ ಆಟ ಎಂಬ ನಿಯಮ ಆ ವರ್ಷ ಹೊಸದು. ಬೈರಣ್ಣನ ಕಾಲದಲ್ಲಿ ಆಟಗಾರರನ್ನು ತೂಗಿದವರಿರಲಿಲ್ಲ. ಈ ಕಡ್ಡಿಗೆ ತಕ್ಕಡಿ ಯಾಕೆ ಎಂದು ಎಲ್ಲರೂ ಸುಮ್ಮನಿದ್ದರು. ಎಂಟನೆಯ ದಿನ ಉಗ್ರಪ್ಪ ನಮ್ಮ ಬಾಗಿಲಲ್ಲಿ ನಿಂತು, "ಅಕ್ಕ, ತೂಕ ಎಲ್ಲಿ ನೋಡ್ತಾರೆ? ಓಡಿದ್ರೆ ಉಸಿರು ಕಟ್ತದೆ," ಎಂದ. ನನಗೆ ದಿಗಿಲಾಗಿ ಸೊಣ್ಣಮ್ಮನವರಿಗೆ ಹೇಳಿದೆ. "ನಿಂಗೆ ಎಲ್ಲಾದ್ಕೂ ಭಯ," ಎಂದು ನಕ್ಕರು.

ಪಂದ್ಯದ ದಿನ, ಭಾನುವಾರ ಬೆಳಗ್ಗೆ, ಸೌದೆ ಡಿಪೋದಿಂದ ತಂದ ತಕ್ಕಡಿಯ ಮೇಲೆ ಉಗ್ರಪ್ಪ ನಿಂತ. ಐವತ್ತಾರೂವರೆ. ಹನ್ನೊಂದು ಗಂಟೆಯವರೆಗೆ ಸಮಯ ಕೊಟ್ಟರು. ಬೆವರಿ ತೂಕ ಇಳಿಯಲೆಂದು ಕಂಬಳಿ ಹೊದ್ದು ಬಿಸಿಲಲ್ಲಿ ಬಯಲು ಸುತ್ತಿದ. ನೀರು ಕೂಡ ಕುಡಿಯುವ ಹಾಗಿಲ್ಲ. ಎಲ್ಲಿ ಬಿದ್ದುಬಿಡುತ್ತಾನೋ ಎಂದು ನಾನು ಮಗುವನ್ನು ಅವುಚಿಕೊಂಡು ನಿಂತಿದ್ದೆ. ಮತ್ತೆ ತೂಗಿದಾಗ ಐವತ್ತೈದೂವರೆ. ಯಡಿಯೂರಿನವರು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ.

ಅವನಿಲ್ಲದೆ ನಮ್ಮವರು ಮತ್ತೆ ಸೋತರು. "ತಿನ್ನಕ್ಕೇ ಬಂದಿದ್ದ, ಹೊಟ್ಟೆಬಾಕ," ಎಂದು ಕೂಗಿದವರಲ್ಲಿ ಕೋಳಿ ಕೊಯ್ದು ಬಡಿಸಿದವರೂ ಇದ್ದರು. ಉಗ್ರಪ್ಪ ಕಂಬಳಿಯೊಳಗೆ ತಲೆ ತಗ್ಗಿಸಿ ಕೂತಿದ್ದ. ಕಾರ್ಖಾನೆಯ ಗಂಗಾಧರಯ್ಯನವರು ಸ್ಕೂಟರಿನ ಕಡೆ ಹೊರಟರು.

ಪ್ಯಾಂಟು ಹಾಕಿದ ಗಂಡಸರ ಎದುರು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದ ಸೊಣ್ಣಮ್ಮನವರು ಅಷ್ಟು ಜನರ ನಡುವೆ ನಡೆದು ಹೋಗಿ ಸ್ಕೂಟರಿಗೆ ಅಡ್ಡ ನಿಂತರು.

"ಸಾರ್, ಹುಡುಗಂದು ತಪ್ಪಿಲ್ಲ. ಬೇಡ ಅತ್ತೆ ಬೇಡ ಅತ್ತೆ ಅಂತಿದ್ದ. ತಿನ್ನಿಸ್ದೋಳು ನಾನು." ಆಮೇಲೆ ಹಿಂದೆ ತಿರುಗಿ, "ಬೈರಣ್ಣ, ನಿಮ್ಮನೇಲಿ ಎಷ್ಟು ಮೊಟ್ಟೆ ಕುಡಿಸಿದ್ರಿ? ಹೇಳಿ ಸಾರ್‌ಗೆ," ಎಂದರು.

ಬೈರಣ್ಣ ನೆಲ ನೋಡಿದರು. "ಆರು," ಎಂದರು ಮೆಲ್ಲಗೆ.

ಗಂಗಾಧರಯ್ಯನವರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಟೀಮಲ್ಲಿ ತೂಕ ಕೇಳಲ್ಲಮ್ಮ. ಬುಧವಾರ ಎಂಟಕ್ಕೆ ಫ್ಯಾಕ್ಟ್ರಿ ಗೇಟ್ ಹತ್ರ ಕಳ್ಸಿ, ಆಡ್ಸಿ ನೋಡ್ತೀನಿ. ಕೆಲಸ ಕೊಡ್ತೀನಿ ಅಂತ ಹೇಳ್ತಿಲ್ಲ," ಎಂದರು.

ಬುಧವಾರ ಬೆಳಗ್ಗೆ ಸೊಣ್ಣಮ್ಮನವರು ಒಲೆ ಮುಂದೆ ಕೂತು, ಏನೂ ಬೇಯಿಸದೆ, "ಏನು ಕೊಡ್ಲಿ, ನೀನೇ ಹೇಳಪ್ಪ," ಎಂದರು. ಅವನು ಬಂದ ದಿನದಿಂದ ಯಾರೂ ಕೇಳದ ಪ್ರಶ್ನೆ ಅದು. ಉಗ್ರಪ್ಪ ಒಂದು ಲೋಟ ಮಜ್ಜಿಗೆ ಕೇಳಿದ. ಒಂದೇ ಲೋಟ ಕೊಟ್ಟರು.

ಸಂಜೆ ವಾಪಸು ಬಂದವನ ಮೊಣಕೈ ತರಚಿತ್ತು, ಮುಖದಲ್ಲಿ ಕಳೆ ಇತ್ತು. ದಿನಾ ಅಭ್ಯಾಸಕ್ಕೆ ಬರಲು ಹೇಳಿದ್ದಾರೆ, ಕೆಲಸದ ಮಾತು ಮೂರು ತಿಂಗಳಾದ ಮೇಲಂತೆ ಎಂದ. ಊರಿಗೆ ಕಾಗದ ಬರೆಯಲು ಸೊಣ್ಣಮ್ಮನವರು ನನ್ನನ್ನು ಕರೆದರು.

"ಹುಡುಗ ಇಲ್ಲೇ ಇರ್ತಾನೆ ಅಂತ ಬರಿ. ಚೆನ್ನಾಗಿ ಆಡ್ದ ಅಂತ್ಲೂ ಬರಿ. ಕೆಲಸದ ಸುದ್ದಿ ಎತ್ಬೇಡ ಕಣವ್ವ. ನಮ್ಮಣ್ಣ ಬಸ್‌ಸ್ಟ್ಯಾಂಡಿಗೆ ಹೋಗೋದ್ರೊಳಗೆ ಇವನನ್ನ ಮ್ಯಾನೇಜರ್ ಮಾಡ್ಬಿಟ್ಟಿರ್ತಾನೆ."